ಹದಿನಾರು ಗುಂಡುಗಳ ಜಪ್ತಿ

ನಮ್ಮ ಯಜಮಾನರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ನಿವೃತ್ತರಾದದ್ದು ಸರ್ಕಾರದ ಕಡತದಲ್ಲಿ ಮಾತ್ರ. ಇಂದಿಗೂ ಹಾಲಿನವನು ಲೋಟವನ್ನು ಇವರ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ತೋರಿಸಿ ಆಮೇಲೆ ಸುರಿಯುತ್ತಾನೆ. ದರ್ಜಿಯವನು ದೂರದಿಂದ ಇವರನ್ನು ಕಂಡರೆ ಕೊರಳಲ್ಲಿದ್ದ ಟೇಪನ್ನು ಜೇಬಿಗೆ ಇಳಿಸುತ್ತಾನೆ. ಇವರು ಮೊಟ್ಟಮೊದಲು ನಮ್ಮ ಮನೆಗೆ ಬಂದದ್ದು ಹೆಣ್ಣು ನೋಡುವುದಕ್ಕಲ್ಲ. ನಮ್ಮಪ್ಪನ ಬಟ್ಟೆ ಅಂಗಡಿಯ ಮೀಟರು ಕೋಲು ಮೂರು ಮಿಲಿಮೀಟರು ಗಿಡ್ಡ ಎಂದು ಕೇಸು ಬರೆಯುವುದಕ್ಕೆ. ಕೇಸಾದ ಮರು ವರ್ಷ ಮದುವೆಯಾಯಿತು. ಎರಡರಲ್ಲಿ ಶಿಕ್ಷೆ ಯಾವುದು ಎಂದು ಅಪ್ಪ ಕೊನೆಯವರೆಗೂ ಬಾಯಿ ಬಿಡಲಿಲ್ಲ.

ಇಂಥವರನ್ನು ಕಟ್ಟಿಕೊಂಡು ನಾನು ಪರದೇಶಕ್ಕೆ ಹೋದೆ. ಅಲ್ಲಿ ನನ್ನ ತಮ್ಮ ಸಿಟಿ ಬಸ್ಸು ಓಡಿಸುತ್ತಾನೆ; ಅವನ ಹೆಂಡತಿಗೆ ಆಸ್ಪತ್ರೆಯಲ್ಲಿ ಕೆಲಸ. ಇಬ್ಬರೂ ಡ್ಯೂಟಿಗೆ ಹೋದ ಮೇಲೆ ನಾವಿಬ್ಬರೇ. ಮೊದಲ ವಾರ ಯಜಮಾನರು ಅವರ ಮನೆಯ ಮೆಟ್ಟಿಲುಗಳನ್ನು ಅಳೆದರು. ಹನ್ನೊಂದನೆಯದು ಒಂದು ಸೆಂಟಿಮೀಟರು ಹೆಚ್ಚು ಎತ್ತರವಿತ್ತು. ಎರಡನೆಯ ವಾರ ಬೀದಿ ಕೊನೆಯ ಅಂಗಡಿಗೆ ಹೋಗಿ ಅಕ್ಕಿ ಚೀಲಗಳನ್ನು ಒಂದೊಂದಾಗಿ ತೂಗಿದರು. ಎಲ್ಲವೂ ಸರಿಯಾಗಿದ್ದವು. ಮುಖ ಚಿಕ್ಕದು ಮಾಡಿಕೊಂಡು ಮನೆಗೆ ಬಂದರು. ತಪ್ಪು ತೂಗದ ದೇಶದಲ್ಲಿ ಮನುಷ್ಯ ಹೊತ್ತು ಕಳೆಯುವುದು ಹೇಗೆ ಎಂದು ನನ್ನನ್ನು ಕೇಳಿದರು.

ತಮ್ಮನ ಮನೆಯ ಎದುರಿಗೆ ಒಂದು ಹುಲ್ಲುಹಾಸು. ಚೌಕಾಕಾರ, ಸುತ್ತ ಬಿಳಿ ಬೇಲಿ, ಮೂಲೆಯಲ್ಲೊಂದು ಮರದ ಕೊಠಡಿ. ಭಾನುವಾರ ಬಂತೆಂದರೆ ಬಿಳಿ ಬಟ್ಟೆ ತೊಟ್ಟ ಹಿರಿಯರು ಅಲ್ಲಿ ಸೇರುತ್ತಾರೆ. ಆಟ ಇಷ್ಟೇ. ಮೊದಲು ಒಂದು ಸಣ್ಣ ಬಿಳಿ ಚೆಂಡನ್ನು ಉರುಳಿಸಿ ದೂರದಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಎರಡೂ ಕಡೆಯವರು ಒಬ್ಬರಾದ ಮೇಲೊಬ್ಬರು ತೆಂಗಿನಕಾಯಿ ಗಾತ್ರದ ಕರಿ ಗುಂಡುಗಳನ್ನು ಅದರತ್ತ ಉರುಳಿಸುತ್ತಾರೆ. ಯಾರ ಗುಂಡು ಬಿಳಿ ಚೆಂಡಿಗೆ ಹತ್ತಿರವೋ ಆ ಸುತ್ತು ಅವರದ್ದು. ಓಡುವುದಿಲ್ಲ, ಹಾರುವುದಿಲ್ಲ, ಕೂಗುವುದಿಲ್ಲ. ಆದರೆ ಗುಂಡು ಕೈಬಿಟ್ಟ ಮೇಲೆ ಎಲ್ಲರೂ ಅದರ ಹಿಂದೆ ಬಗ್ಗಿ ನಡೆಯುತ್ತ, ಊಟ ಮಾಡದ ಕೂಸನ್ನು ರಮಿಸುವ ದನಿಯಲ್ಲಿ ಬಾ ಬಾ, ಸಾಕು ನಿಲ್ಲು, ಇನ್ನೊಂದು ಚೂರು ಎಂದು ಅದರ ಜೊತೆ ಮಾತಾಡುತ್ತಾರೆ. ಬೇಲಿಗೆ ಒರಗಿ ನಿಂತ ನೆರೆಹೊರೆಯವರು ಉಸಿರು ಬಿಗಿಹಿಡಿದಿರುತ್ತಾರೆ. ಒಳ್ಳೆಯ ಗುಂಡಿಗೆ ಮೂರು ಚಪ್ಪಾಳೆ. ನಾಲ್ಕನೆಯದನ್ನು ಯಾರಾದರೂ ತಟ್ಟಿದರೆ ಉಳಿದವರು ತಿರುಗಿ ನೋಡುತ್ತಾರೆ. ನಾನು ಮೊದಲ ವಾರ ಐದು ತಟ್ಟಿ ಈ ನಿಯಮ ಕಲಿತೆ.

ತಮ್ಮ ಆ ಕ್ಲಬ್ಬಿಗೆ ಸೇರಿ ಆರು ವರ್ಷವಾಗಿತ್ತು. ಆರು ವರ್ಷವೂ ಅವನು ಆಡಿದ್ದು ಅಭ್ಯಾಸದ ಆಟ ಮಾತ್ರ. ಉಳಿದಂತೆ ಹುಲ್ಲು ಕತ್ತರಿಸಿದ, ಬೇಲಿಗೆ ಬಣ್ಣ ಬಳಿದ, ಪಂದ್ಯಕ್ಕೆ ಬಂದವರಿಗೆ ಟೀ ಹಂಚಿದ. ಕೊಠಡಿಯ ಒಳಗೆ ಗೋಡೆಯ ಮೇಲೊಂದು ಮರದ ಹಲಗೆ. ವರ್ಷಕ್ಕೊಮ್ಮೆ ನಡೆಯುವ ಪಕ್ಕದ ಊರಿನ ಕ್ಲಬ್ಬಿನ ಮೇಲಿನ ಪಂದ್ಯ ಗೆದ್ದರೆ, ಆಡಿದವರ ಹೆಸರನ್ನು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. ಇವರು ಗೆದ್ದು ಒಂಬತ್ತು ವರ್ಷವಾಗಿತ್ತು. ಈ ಸಲ ತಂಡದಲ್ಲಿ ಒಬ್ಬರು ಊರು ಬಿಟ್ಟು ಹೋಗಿ, ಜಾಗ ತಮ್ಮನಿಗೆ ಸಿಕ್ಕಿತ್ತು.

"ಅಕ್ಕ, ಈ ಊರಲ್ಲಿ ದಿನಾ ಸಾವಿರ ಜನ ನನ್ನ ಬಸ್ಸು ಹತ್ತಿ ಇಳೀತಾರೆ. ಒಬ್ಬರಿಗೂ ನನ್ನ ಹೆಸರು ಗೊತ್ತಿಲ್ಲ. ಆ ಹಲಗೆ ಮೇಲೆ ಒಂದ್ಸಲ ಬಂದ್ಬಿಟ್ರೆ ಸಾಕು" ಅಂದ. ಅಂದವನು ನಾಚಿಕೊಂಡು ಪಾತ್ರೆ ತೊಳೆಯಲು ಎದ್ದ.

ಪಂದ್ಯಕ್ಕೆ ಐದು ದಿನ ಇದೆ ಎನ್ನುವಾಗ ಕ್ಲಬ್ಬಿನ ಅಧ್ಯಕ್ಷೆ ಮನೆಗೆ ಬಂದರು. ಎಪ್ಪತ್ತು ದಾಟಿದ ಎತ್ತರದ ಹೆಂಗಸು, ಒಂದು ಕಾಲದಲ್ಲಿ ಕುದುರೆಗಳ ಡಾಕ್ಟರು. ಯಾರೇ ಮಾತಾಡಿದರೂ ಕಣ್ಣು ನೋಡುವುದಿಲ್ಲ, ಹಲ್ಲು ನೋಡುತ್ತಾರೆ. ನಿಮ್ಮ ಭಾವ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದರು. ಬಸ್ಸಿಗೆ ಹೊತ್ತಾಗಿದ್ದ ತಮ್ಮ ಶೂ ಹಾಕುತ್ತಲೇ, ನಮ್ಮ ಸರ್ಕಾರದ ಪರವಾಗಿ ಅಳತೆ ಮಾಡುತ್ತಿದ್ದರು, ಮೂವತ್ತೊಂದು ವರ್ಷ, ಎಂದುಬಿಟ್ಟ.

ಅಧ್ಯಕ್ಷೆ ಕುರ್ಚಿಯಿಂದ ಎದ್ದು ನಿಂತರು. ಆ ಆಟದಲ್ಲಿ ಅಳತೆ ಮಾಡುವವನೆಂದರೆ ಸಾಮಾನ್ಯನಲ್ಲವಂತೆ. ಎರಡು ಗುಂಡುಗಳು ಹೆಚ್ಚುಕಡಿಮೆ ಒಂದೇ ದೂರದಲ್ಲಿ ನಿಂತಾಗ ಟೇಪು ಹಿಡಿದು ತೀರ್ಪು ಹೇಳುವವನು ಅವನೇ. ಅವನ ಮಾತಿಗೆ ಮೇಲ್ಮನವಿ ಇಲ್ಲ. ಒಂದು ದೇಶದ ಸರ್ಕಾರವೇ ಈ ಆಟಕ್ಕೆಂದು ಒಬ್ಬರನ್ನು ಮೂವತ್ತೊಂದು ವರ್ಷ ಸಂಬಳ ಕೊಟ್ಟು ಇಟ್ಟುಕೊಂಡಿತ್ತು ಎಂದು ತಿಳಿದು ಆಕೆಯ ಕಣ್ಣು ತುಂಬಿತು. ತಮ್ಮ ಕ್ಲಬ್ಬಿನ ಅಳತೆಗಾರರಿಗೆ ಮಂಡಿಯ ಆಪರೇಷನ್ನಾಗಿ ಬಗ್ಗಲು ಆಗುತ್ತಿಲ್ಲ, ಭಾನುವಾರ ತಾವೇ ದಯಮಾಡಿಸಬೇಕು ಎಂದರು.

ಸತ್ಯ ಹೇಳಿ ತಪ್ಪಿಸಿಕೊಳ್ಳಲು ಅದೇ ಸಮಯ. ಯಜಮಾನರು ಜೇಬಿನಿಂದ ಉಕ್ಕಿನ ಟೇಪು ತೆಗೆದು, ಒಂದು ಗೇಣು ಎಳೆದು, ಟಕ್ಕೆಂದು ಒಳಗೆ ಬಿಟ್ಟರು. ಹದಿನೈದು ದಿನದಿಂದ ಇಲ್ಲದ ಕಳೆ ಮುಖಕ್ಕೆ ಬಂತು.

"ಭಾವ, ನಿಮಗೆ ಈ ಆಟ ಗೊತ್ತಾ?" ಎಂದು ತಮ್ಮ ಮೆಲ್ಲಗೆ ಕೇಳಿದ.

"ಆಟ ಯಾವುದಾದ್ರೇನು ಕಣಯ್ಯ, ಸೆಂಟಿಮೀಟರು ಒಂದೇ ತಾನೆ? ಒಪ್ಪಿದ್ದೀನಿ ಅಂತ ಹೇಳು."

ಮರುದಿನದಿಂದ ಬೀದಿಯಲ್ಲಿ ಇವರಿಗೆ ನಮಸ್ಕಾರಗಳು ಶುರುವಾದವು. ಅಂಚೆಯವನು ಸೈಕಲ್ಲಿನಿಂದ ಇಳಿದು ಟೋಪಿ ಮುಟ್ಟಿಕೊಂಡ. ಎಡಮನೆಯ ಅಜ್ಜಿ ತನ್ನ ಇಬ್ಬರು ಸೊಸೆಯರಲ್ಲಿ ಯಾರ ಹೂಕುಂಡ ಬೇಲಿಗೆ ಹತ್ತಿರ ಇದೆ ಎಂದು ಅಳೆಸಿಕೊಂಡು, ಆ ತೀರ್ಪಿನಿಂದ ಮನೆಯಲ್ಲಿ ಎರಡು ದಿನ ಮಾತುಕತೆ ನಿಲ್ಲಿಸಿದಳು. ಯಜಮಾನರು ಎಲ್ಲವನ್ನೂ ಗಂಭೀರವಾಗಿ ಸ್ವೀಕರಿಸಿದರು. ಇಷ್ಟಕ್ಕೇ ನಿಂತಿದ್ದರೆ ನನಗೂ ಹೇಳಲು ಏನೂ ಇರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ತಮ್ಮ, ಅವನ ಹೆಂಡತಿ ಇಬ್ಬರಿಗೂ ಡ್ಯೂಟಿ. ಕ್ಲಬ್ಬಿನ ಹದಿನಾರು ಗುಂಡುಗಳನ್ನು ಒರೆಸಿ ಹೊಳಪು ಬರಿಸಿ ನಾಲ್ಕು ಚೀಲಗಳಲ್ಲಿ ತುಂಬಿ ಇಡುವುದು ತಮ್ಮನ ಜವಾಬ್ದಾರಿ. ಅವನು ತುಂಬಿಟ್ಟ ಚೀಲಗಳು ನಡುಮನೆಯಲ್ಲೇ ಇದ್ದವು. ಯಜಮಾನರು ಅವುಗಳ ಸುತ್ತ ಎರಡು ಸಲ ಓಡಾಡಿದರು. ಅಳತೆಗೆ ಮುಂಚೆ ಸಾಮಾನು ತಪಾಸಣೆಯಾಗಬೇಕು, ಅದು ಇಲಾಖೆಯ ಮೊದಲನೆಯ ಪಾಠ ಎಂದರು. ಒಂದು ಗುಂಡು ತೆಗೆದು ಅಡುಗೆ ತಕ್ಕಡಿಯ ಮೇಲೆ ತೂಗಿದರು. ಆಮೇಲೆ ಉದ್ದನೆಯ ಹಜಾರದ ಈ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಆ ತುದಿಯ ಬಾಗಿಲಿಗೆ ನೇರವಾಗಿ ಉರುಳಿಸಿದರು.

ಗುಂಡು ಅರ್ಧ ದಾರಿ ನೆಟ್ಟಗೆ ಹೋಯಿತು. ಆಮೇಲೆ ನಿಧಾನಕ್ಕೆ ಎಡಕ್ಕೆ ವಾಲಿ, ಅಡುಗೆಮನೆಯೊಳಗೆ ಹೊಕ್ಕು, ಫ್ರಿಜ್ಜಿಗೆ ಬಡಿದು ನಿಂತಿತು.

ಯಜಮಾನರು ಎರಡನೆಯದು ಬಿಟ್ಟರು. ಅದೂ ಅಡುಗೆಮನೆಗೇ ಹೋಯಿತು. ನೆಲ ಓರೆ ಇದ್ದೀತು ಎಂದು ನಾನು ಅಂದೆ. ಗುಂಡನ್ನು ಮಗ್ಗುಲು ಬದಲಿಸಿ ಹಿಡಿದು ಬಿಟ್ಟರು. ಈಗ ಬಲಕ್ಕೆ ವಾಲಿ ಚಪ್ಪಲಿ ಗೂಡಿಗೆ ನುಗ್ಗಿತು. ನೆಲದ ತಪ್ಪಲ್ಲ ಎಂದು ಸಾಬೀತಾಯಿತು. ಹದಿನಾರನ್ನೂ ಹೀಗೆ ಎರಡೆರಡು ಸಲ ಉರುಳಿಸಿದರು. ಹದಿನಾರೂ ವಾಲಿದವು. ಒಂದು ಮಗ್ಗುಲು ಭಾರ, ಇನ್ನೊಂದು ಹಗುರ.

"ಕಳ್ಳ ಮಾಲು ಕಣೇ" ಅಂದರು. ದನಿಯಲ್ಲಿ ದುಃಖ ಮತ್ತು ಸಂತೋಷ ಎರಡೂ ಇದ್ದವು. ಈ ದೇಶದಲ್ಲೂ ಮೋಸ ಸಿಕ್ಕಿತಲ್ಲ ಎಂಬುದು ಸಂತೋಷ, ಅದು ಭಾವಮೈದುನನ ನಡುಮನೆಯಲ್ಲಿ ಸಿಕ್ಕಿತಲ್ಲ ಎಂಬುದು ದುಃಖ. "ನಿನ್ನ ತಮ್ಮ ಅಮಾಯಕ. ಅವನಿಗೆ ಗೊತ್ತಿಲ್ದೆ ಈ ಕ್ಲಬ್ಬಿನವರು ನಡೆಸ್ತಿದ್ದಾರೆ. ಅವನಿಗೆ ಈಗಲೇ ಹೇಳಿದ್ರೆ ಪ್ರಭಾವ ಬೀರ್ತಾನೆ. ಜಪ್ತಿ ಮಾಡೋದೊಂದೇ ದಾರಿ."

ಜಪ್ತಿ ಎಂದರೆ ಇವರ ಪ್ರಕಾರ ಮೂರು ಅಂಗ: ಮಹಜರು, ಸಾಕ್ಷಿ, ಮುದ್ರೆ. ಮಹಜರು ತಾವೇ ಬರೆದರು. ಸಾಕ್ಷಿಗೆ ನಾನಿದ್ದೆ, ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಒಂದು ಸಹಿಗೆ ಹಿಂದೆಗೆಯುವುದೇ? ಮುದ್ರೆಗೆ ಮಾತ್ರ ತೊಡಕಾಯಿತು. ಕೊನೆಗೆ, ಕರೆಂಟು ಹೋದಾಗ ಹಚ್ಚಲು ಇಟ್ಟಿದ್ದ ಮೇಣದ ಬತ್ತಿ ಕರಗಿಸಿ ಚೀಲದ ದಾರದ ಗಂಟಿನ ಮೇಲೆ ಸುರಿದು, ತಮ್ಮ ಶರಟಿನ ತೋಳಿನ ಗುಂಡಿಯನ್ನು ಕಿತ್ತು ಅದರ ಮೇಲೆ ಒತ್ತಿದರು. ನಾಲ್ಕು ತೂತಿನ ಅಚ್ಚು ಚೆನ್ನಾಗಿಯೇ ಮೂಡಿತು.

ತಮ್ಮ ಡ್ಯೂಟಿ ಮುಗಿಸಿ ಬಂದು ಊಟ ಮಾಡಿ ಮಲಗಿದ. ಚೀಲದ ಕಡೆ ನೋಡಲಿಲ್ಲ. ಬೆಳಿಗ್ಗೆ ಅವುಗಳನ್ನು ಹೊತ್ತುಕೊಂಡು ಹೋಗಿ ಹುಲ್ಲುಹಾಸಿನ ಅಂಚಿನಲ್ಲಿ ಇಟ್ಟಾಗಲೇ ಮೇಣ ಕಂಡದ್ದು. ಆ ಹೊತ್ತಿಗೆ ಎರಡೂ ತಂಡದವರು, ಬೇಲಿಯ ತುಂಬ ಜನ, ಮಡಿಸುವ ಕುರ್ಚಿ ತಂದುಕೊಂಡ ಅಜ್ಜಿ, ಅಂಚೆಯವನು, ಎಲ್ಲರೂ ಸೇರಿದ್ದರು. ಅಧ್ಯಕ್ಷೆ ಬಗ್ಗಿ ಮುದ್ರೆಯನ್ನು ಹಲ್ಲು ನೋಡುವಂತೆ ನೋಡಿದರು. ಇದೇನು ಎಂದು ಕೇಳಿದರು.

"ಹೇಳಯ್ಯ" ಎಂದರು ಯಜಮಾನರು ತಮ್ಮನಿಗೆ. "ಈ ಹದಿನಾರು ಗುಂಡೂ ವಾಲ್ತವೆ. ಇವು ಜಪ್ತಿಯಾಗಿವೆ. ಪಂದ್ಯ ನಡೆಯೋ ಹಾಗಿಲ್ಲ."

ತಮ್ಮನ ಮುಖ ಸುಣ್ಣದ ಹಾಗಾಯಿತು. "ಭಾವ" ಎಂದು ಹಲ್ಲು ಕಚ್ಚಿ ಕನ್ನಡದಲ್ಲಿ ಹೇಳಿದ, "ಅವು ವಾಲ್ಲೇಬೇಕು. ಬೇಕಂತಲೇ ಹಾಗೆ ಮಾಡಿರ್ತಾರೆ. ಅದೇ ಆಟ."

"ಬೇಕಂತಲೇ?" ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು. "ಗೊತ್ತಿಲ್ದೆ ಆದ್ರೆ ದಂಡ. ಗೊತ್ತಿದ್ದೂ ಮಾಡಿದ್ರೆ ಜೈಲು ಕಣಯ್ಯ."

ಅಧ್ಯಕ್ಷೆ ಕಾಯುತ್ತಿದ್ದರು. ಆರು ವರ್ಷ ಟ್ರಾಫಿಕ್ಕಿನಲ್ಲಿ ಬಸ್ಸು ಓಡಿಸಿದವನಿಗೆ ಎದುರಿಗೆ ಲಾರಿ ಬಂದಾಗ ಏನು ಮಾಡಬೇಕೆಂದು ಗೊತ್ತಿರುತ್ತದೆ. ತಮ್ಮ ಆಕೆಯತ್ತ ತಿರುಗಿ, ನಮ್ಮ ದೇಶದಲ್ಲಿ ದೊಡ್ಡ ಪಂದ್ಯಕ್ಕೆ ಮುಂಚೆ ಗುಂಡುಗಳನ್ನು ಯಾರೂ ಮುಟ್ಟದಿರಲೆಂದು ಅಧಿಕಾರಿಗಳು ಹೀಗೆ ಮುದ್ರೆ ಹಾಕುತ್ತಾರೆ, ಇದು ಗೌರವದ ಸೂಚನೆ ಎಂದ. ಆಕೆ ಕರಗಿಹೋದರು. ಮೇಣದ ಮೇಲಿನ ನಾಲ್ಕು ತೂತನ್ನು ಬೆರಳಿನಿಂದ ಸವರಿ, ಇದು ನಿಮ್ಮ ರಾಜಮುದ್ರೆಯೇ ಎಂದು ಕೇಳಿದರು. ತಮ್ಮ ಹೌದೆಂದ. ಆಕೆ ಅದಕ್ಕೆ ತಲೆಬಾಗಿದರು. ಹಿಂದಿದ್ದವರೂ ಬಾಗಿದರು. ಯಜಮಾನರ ತೋಳಿನ ಗುಂಡಿಗೆ ಅಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

ಎದುರು ತಂಡದವರಿಗೆ ಮಾತ್ರ ಇದು ಸರಿಬರಲಿಲ್ಲ. ಅವರ ನಾಯಕರು ಬೀಗ ರಿಪೇರಿಯವರು. ಗಿಡ್ಡ ಆಳು, ಬೆರಳ ತುದಿಗಳೆಲ್ಲ ಅರದ ಗೀರು. ಅವರ ತಂಡದವರು ಗುಸುಗುಸು ಮಾಡಿದರು: ಅವರ ಗುಂಡಿಗೆ ಮುದ್ರೆ, ನಮ್ಮದಕ್ಕಿಲ್ಲ ಎಂದರೆ ನಾವೇನು ಮೋಸಗಾರರೇ? ಬೀಗದವರು ತಾವೇ ತಮ್ಮ ಚೀಲ ತಂದು ಯಜಮಾನರ ಕಾಲ ಬಳಿ ಇಟ್ಟರು. ಯಜಮಾನರು ಒಂದು ಗುಂಡನ್ನು ಹುಲ್ಲಿನ ಮೇಲೆ ಉರುಳಿಸಿದರು. ಅದೂ ವಾಲಿತು.

ಇವರು ಹೋಗಿ ಅದನ್ನು ಎತ್ತಿಕೊಂಡು ಬಂದರು. ಬಜಾರಿನಲ್ಲಿ ಒಂದು ಅಂಗಡಿಯ ತಕ್ಕಡಿ ತಪ್ಪಿರುವುದನ್ನು ಕಂಡಿದ್ದರು, ಹತ್ತು ತಪ್ಪಿರುವುದನ್ನೂ ಕಂಡಿದ್ದರು. ಇಡೀ ಬಜಾರು ಒಂದೇ ಸಮ ತಪ್ಪಿರುವುದನ್ನು, ಅದೂ ಮಾರುವವರು ಕೊಳ್ಳುವವರು ಇಬ್ಬರೂ ನಗುತ್ತ ನಿಂತಿರುವುದನ್ನು, ಕಂಡಿರಲಿಲ್ಲ. ಕೊನೆಗೆ ತಮ್ಮನ ಕಡೆ ನೋಡಿದರು. ಅವನು ಕೈಮುಗಿಯಲಿಲ್ಲ ಅಷ್ಟೆ.

"ಎರಡೂ ಕಡೆ ಒಂದೇ ಥರ ತಪ್ಪಿದೆ ಅಂತ ಬರ್ಕೊಳ್ತೀನಿ" ಎಂದರು. "ಸದ್ಯಕ್ಕೆ ಆಡ್ಲಿ. ಅಳತೆಯಾದ್ರೂ ನನ್ನ ಕೈಲಿದೆಯಲ್ಲ."

ಎರಡೂ ಸಮ, ಆಟ ಶುರುಮಾಡಿ ಎನ್ನುತ್ತಿದ್ದಾರೆ ಎಂದು ತಮ್ಮ ಅನುವಾದ ಮಾಡಿದ. ಆ ದಿನ ಅವನು ಮಾಡಿದ ಅನುವಾದಗಳಲ್ಲಿ ನಿಜಕ್ಕೆ ಹತ್ತಿರವಾದದ್ದು ಇದೊಂದೇ. ಮೂರು ಚಪ್ಪಾಳೆ ಬಿದ್ದವು.

ಪಂದ್ಯ ನಾಲ್ಕು ಗಂಟೆ ನಡೆಯಿತು. ಯಜಮಾನರು ಏಳು ಸಲ ಅಳೆದರು. ಪ್ರತಿ ಸಲವೂ ಹುಲ್ಲಿನ ಮೇಲೆ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ, ಟೇಪಿನ ತುದಿಯನ್ನು ಬಿಳಿ ಚೆಂಡಿಗೆ ತಾಗಿಯೂ ತಾಗದ ಹಾಗೆ ಹಿಡಿದು, ಎದ್ದು ಮಿಲಿಮೀಟರಿನ ಅರ್ಧದವರೆಗೆ ಹೇಳಿದರು. ಇಂಥ ಅಳತೆ ಯಾರೂ ಕಂಡಿರಲಿಲ್ಲ. ಎರಡು ಸಲ ತಮ್ಮನ ಕಡೆಯವರ ವಿರುದ್ಧವೇ ಹೇಳಿದರು, ಆಗ ಎದುರು ತಂಡದವರೂ ಟೋಪಿ ತೆಗೆದರು. ನನ್ನ ಗಂಡ ಎಂದು ಹೆಮ್ಮೆ ಎನಿಸಿತು, ಸುಳ್ಳೇಕೆ ಹೇಳಲಿ.

ಕೊನೆಯ ಸುತ್ತಿಗೆ ಬಂದಾಗ ಎರಡೂ ತಂಡ ಸಮಸಮ. ಬೀಗದವರು ತಮ್ಮ ಕೊನೆಯ ಗುಂಡನ್ನು ಬಿಳಿ ಚೆಂಡಿನ ಎಡಕ್ಕೆ ಒಂದು ಮೊಳದಷ್ಟು ದೂರದಲ್ಲಿ ತಂದು ನಿಲ್ಲಿಸಿದರು. ಉಳಿದದ್ದು ತಮ್ಮನ ಕೈಯಲ್ಲಿದ್ದ ಒಂದೇ ಗುಂಡು. ಅವನು ಬಗ್ಗಿದ. ಬಿಟ್ಟ. ಅದು ದೂರ ಹೋಯಿತು, ಹೋಗಿಯೇಬಿಟ್ಟಿತು ಎನ್ನುವಾಗ ವಾಲಿತು, ವಾಲುತ್ತ ವಾಲುತ್ತ ಬಂದು ಬಿಳಿ ಚೆಂಡಿನ ಬಲಕ್ಕೆ ನಿಂತಿತು. ಅದೂ ಒಂದು ಮೊಳ. ಬೇಲಿಯ ಬಳಿ ಯಾರೂ ಉಸಿರಾಡಲಿಲ್ಲ. ತಮ್ಮ ಇದ್ದಲ್ಲೇ, ಹುಲ್ಲುಹಾಸಿನ ಆ ತುದಿಯಲ್ಲಿ, ಕಲ್ಲಿನಂತೆ ನಿಂತುಬಿಟ್ಟ.

ಯಜಮಾನರು ಮಲಗಿ ಅಳೆದರು. ಎದ್ದರು. ಮತ್ತೆ ಮಲಗಿ ಅಳೆದರು. ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ನಾನು ಕೂತಿದ್ದ ಅಂಚಿಗೆ ಬಂದರು. ತಮ್ಮನ ಹೆಂಡತಿಗೆ ಅಂದೂ ಡ್ಯೂಟಿ; ಅಲ್ಲಿ ನಮ್ಮ ಭಾಷೆ ತಿಳಿದವರು ಬೇರೆ ಯಾರೂ ಇರಲಿಲ್ಲ.

"ಒಂದೂವರೆ ಮಿಲಿಮೀಟರು ಕಣೇ."

"ಯಾರದ್ದು ಹತ್ರ?"

"ಬೀಗದವರದ್ದು."

ಸಿಟ್ಟು ಯಾರ ಮೇಲೆ ಎಂದೂ ತಿಳಿಯದೆ, "ಹಾಗಾದ್ರೆ ಹೋಗಿ ಹೇಳಿ" ಎಂದೆ.

ಇವರು ಹೋದರು. ಬಾಯಿ ತೆರೆದರು. ಮೂವತ್ತೊಂದು ವರ್ಷ ಹೆಂಡತಿ, ಮಾವ, ಸ್ನೇಹಿತ ಎಂದು ನೋಡದೆ ಅಂಕಿ ಹೇಳಿದ ಬಾಯಿ, ಮುಚ್ಚಿಕೊಂಡಿತು. ಮತ್ತೆ ತೆರೆದರು. ಆಮೇಲೆ ತಮ್ಮನನ್ನು ಹತ್ತಿರ ಕರೆದು, ಇಲಾಖೆಯ ನಿಯಮವೊಂದನ್ನು ಹೇಳಲು ಹೇಳಿದರು: ಅಧಿಕಾರಿಯು ತನ್ನ ಹತ್ತಿರದ ಸಂಬಂಧಿಯ ಸಾಮಾನಿನ ಬಗ್ಗೆ ಕೊನೆಯ ತೀರ್ಪು ಕೊಡುವ ಹಾಗಿಲ್ಲ, ಎದುರು ಪಕ್ಷದವರೇ ಎಲ್ಲರ ಸಮಕ್ಷಮ ಅಳೆಯಬೇಕು. ಹೇಳಿ, ಟೇಪನ್ನು ಬೀಗದವರ ಕೈಗೆ ಕೊಟ್ಟರು. ಇವರ ಲೆಕ್ಕಾಚಾರ ನನಗೆ ಕೂಡಲೇ ಹೊಳೆಯಿತು. ತಮ್ಮದೇ ಗುಂಡು ಹತ್ತಿರವೆಂದು ಬೀಗದವರು ಹೇಗೂ ಹೇಳುತ್ತಾರೆ, ನಿಜ ಹೊರಗೆ ಬರುತ್ತದೆ, ಇವರ ಬಾಯಿಂದ ಬಂದಂತಾಗುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಇವರು ಮಾಡಿದ ಮೊದಲ ಹೇಡಿತನ. ನನಗೆ ಇವರ ಮೇಲೆ ಅಂದು ಬಂದಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಬೀಗದವರು ಹಣೆಯ ಮೇಲಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡು ಮಲಗಿದರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೀಗ ತೆರೆಯದ ಕೀಲಿಗಳನ್ನು ಜನ್ಮವಿಡೀ ಉಜ್ಜಿದ ಮನುಷ್ಯ. ಒಂದೂವರೆ ಮಿಲಿಮೀಟರು ಅವರ ಪಾಲಿಗೆ ಹೆಬ್ಬಾಗಿಲು. ಒಂದು ಸಲ ತಮ್ಮ ಗುಂಡನ್ನು ಅಳೆದರು, ಒಂದು ಸಲ ನನ್ನ ತಮ್ಮನದನ್ನು. ತಲೆಯೆತ್ತಿ ಅವನ ಕಡೆ ನೋಡಿದರು. ಎದ್ದು ಮಂಡಿಯ ಹುಲ್ಲು ಕೊಡವಿ, ಬಲಗಡೆಯ ಗುಂಡಿನ ಮೇಲೆ ಕೈಯಿಟ್ಟರು.

ಅದು ತಮ್ಮನ ಗುಂಡು.

ಆ ದಿನ ಬೇಲಿಯ ಬಳಿ ಚಪ್ಪಾಳೆ ಎಣಿಸಿದವರಿಲ್ಲ. ಅಧ್ಯಕ್ಷೆ ಬಣ್ಣದ ಡಬ್ಬಿ ತರಲು ಕೊಠಡಿಗೆ ನಡೆದರು. ತಮ್ಮ ಹುಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡ. ಬೀಗದವರು ಬಂದು ಅವನ ಪಕ್ಕ ಕೂತು ಏನೋ ಹೇಳಿ, ಬೆನ್ನು ತಟ್ಟಿ ಹೋದರು. ಏನಂದರು ಎಂದು ಕೇಳಿದೆ.

"ಆರು ವರ್ಷದಿಂದ ಇಲ್ಲಿ ಬಂದಾಗೆಲ್ಲ ನೀನು ಟೀ ತಂದು ಕೊಟ್ಟಿದ್ದೀಯ, ನೀನು ಕೂತು ಕುಡಿದಿದ್ದು ಒಂದ್ಸಲನೂ ನೋಡಿಲ್ಲ, ಇವತ್ತು ಕೂತ್ಕೊಂಡು ಕುಡಿ ಅಂದ್ರು. ಈಗ ಯಾಕೆ ಅದನ್ನ ಹೇಳಿದ್ರೋ ಗೊತ್ತಾಗ್ಲಿಲ್ಲ ಅಕ್ಕ" ಅಂದ ತಮ್ಮ. ನಾನು, ಹೇಳಬೇಡಿ ಎಂದು ಯಜಮಾನರ ತೋಳು ಹಿಡಿದುಕೊಂಡೆ.

ಇವರು ಬೆಂಚಿನ ಮೇಲೆ ಕೂತು ಎದುರಿಗೆ ನೋಡುತ್ತಿದ್ದರು. ಹಣೆ ಗಂಟಿಕ್ಕಿತ್ತು, ತುಟಿ ಅಲುಗುತ್ತಿತ್ತು. ಏನು ಯೋಚನೆ ಎಂದೆ.

"ತನ್ನ ಕಡೆಗೆ ಜಾಸ್ತಿ ಬರೋ ಹಾಗೆ ಅಳೆದೋರನ್ನ ಎಷ್ಟು ಜನಾನೋ ಹಿಡಿದಿದ್ದೀನಿ. ಎಲ್ರಿಗೂ ಕಲಮು ಇದೆ. ತನಗೇ ಕಡಿಮೆ ಆಗೋ ಹಾಗೆ ಸುಳ್ಳು ಅಳೆದೋರ ಮೇಲೆ ಯಾವ ಕಲಮು ಹಾಕ್ಬೇಕು?"

"ನೀವೇ ಹೇಳಿ."

ಮೊದಲ ಕಲಮಿನಿಂದ ಕೊನೆಯ ಕಲಮಿನವರೆಗೆ ಮನಸ್ಸಿನಲ್ಲೇ ಓದಿಕೊಂಡರು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ಇಲ್ಲ" ಎಂದರು. ಆಮೇಲೆ ಎದ್ದು ಹುಲ್ಲುಹಾಸು ದಾಟಿ ಹೋಗಿ, ಚೀಲ ಕಟ್ಟುತ್ತಿದ್ದ ಬೀಗದವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. ಇವರೇನು ಹೇಳುತ್ತಿದ್ದಾರೆ ಎಂದು ಬೀಗದವರು ನನ್ನ ತಮ್ಮನನ್ನು ಕೇಳಿದರು. ಅವನು ಹತ್ತಿರ ಬಂದು ಕಿವಿಗೊಟ್ಟು, ಏನೂ ಹೇಳುತ್ತಿಲ್ಲ ಎಂದು ಅನುವಾದ ಮಾಡಿದ.